ಹದಿಮೂರನೆಯ ದಿನ ಕಳೆದ ಮೇಲೆ

ಕರೋಲ್‌ಬಾಗಿನ ಹೋಟೆಲೊಂದರಲ್ಲಿ ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಉಪಾಹಾರದ ಗದ್ದಲವು ಇನ್ನೂ ಇಳಿಯದಿದ್ದ ವೇಳೆಯಲ್ಲಿ, ದೋಸೆಯ ಕಾವಲಿಯ ಮುಂದೆ ನಿಂತಿದ್ದ ತರುಣನೊಬ್ಬನಿಗೆ ಊರಿನಿಂದ ದೂರವಾಣಿ ಕರೆ ಬಂದಿತು. ಅವನ ತಾಯಿ ತೀರಿಕೊಂಡಿದ್ದರು. ಆತನು ಕಾವಲಿಯ ಮೇಲಿದ್ದ ಎರಡು ದೋಸೆಗಳನ್ನು ತೆಗೆದು ತಟ್ಟೆಗೆ ಹಾಕಿ, ಸಟ್ಟುಗವನ್ನು ಪಕ್ಕದವನ ಕೈಗೆ ಕೊಟ್ಟು, ಹಿಂಬಾಗಿಲಿನಿಂದ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತನು. ಈ ಸಂಗತಿಯನ್ನು ನಮಗೆ ಹೇಳಿದವರು ಅಲ್ಲಿಯ ಹಿರಿಯ ಅಡಿಗೆಯವರು. ಸಂಗಡಿಗರು ಕೂಡಲೇ ತಮ್ಮ ತಮ್ಮಲ್ಲಿ ಹಣ ಕೂಡಿಸಿ, ಧಣಿಗಳಿಂದ ಮುಂಗಡ ಪಡೆದು, ಮಂಗಳೂರಿನ ವಿಮಾನಕ್ಕೆ ಚೀಟಿ ತೆಗೆಸಿದರು. ಆದರೂ ಆತನು ಮನೆ ಮುಟ್ಟುವಷ್ಟರಲ್ಲಿ ಚಿತೆಯು ಆರಿತ್ತು. ಬೆಂಕಿ ಕೊಟ್ಟವನು ಚಿಕ್ಕಪ್ಪನ ಮಗ. ಉತ್ತರಕ್ರಿಯೆಗಳನ್ನು ಮುಗಿಸಿ, ರೈಲಿನಲ್ಲಿ ಹಿಂದಿರುಗಿ, ಹದಿನಾರನೆಯ ದಿನ ಅವನು ಪುನಃ ಅದೇ ಕಾವಲಿಯ ಮುಂದೆ ನಿಂತನು. ಅಂದಿನಿಂದ ಯಾರೊಬ್ಬರೂ ಅವನೊಡನೆ ತಾಯಿಯ ಮಾತೆತ್ತಲಿಲ್ಲ.

ಅದು ನಿರ್ದಯೆಯಿಂದಲ್ಲ. ಹಣ ಕೂಡಿಸಿಕೊಟ್ಟವರೂ ಅವರೇ ಅಲ್ಲವೆ? ಆಡಿದರೆ ನೋವಾದೀತೆಂಬ ಸಂಕೋಚದಿಂದ ಎಲ್ಲರೂ ಬಾಯಿ ಮುಚ್ಚಿಕೊಂಡರು. ಆದರೆ ಆ ಹುಡುಗನು ರಾತ್ರಿ ನಿದ್ದೆಯಿಲ್ಲದೆ ಹೊರಳುವುದನ್ನೂ, ತಾನು ಬಡಿಸುವ ಅನ್ನವನ್ನು ತಾನೇ ಉಣ್ಣದೆ ಬಿಡುವುದನ್ನೂ, ಚಿಕ್ಕ ಮಾತಿಗೆ ಸಿಡುಕುವುದನ್ನೂ ಅದೇ ಸಂಗಡಿಗರು ಕಂಡರು. ಕಂಡು, ‘ಊರಿಗೆ ಹೋಗಿ ಬಂದ ಮೇಲೆ ಇವನಿಗೆ ಸೊಕ್ಕು ಬಂದಿದೆ’ ಎಂದುಕೊಂಡರು.

ಉದ್ಯೋಗನಿಮಿತ್ತವಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಸಾವು ಎರಡು ವಿಧವಾಗಿ ಬರುತ್ತದೆ. ಒಂದು, ದೂರದ ಊರಿನಲ್ಲಿ ಸಂಭವಿಸಿ ಸುದ್ದಿಯಾಗಿ ಇಲ್ಲಿಗೆ ಬರುವ ಸಾವು. ಹಿಂದೆ ಅದು ತಂತಿಯಲ್ಲಿ ಬರುತ್ತಿತ್ತು. ತಂತಿಯ ಆಳು ಬಾಗಿಲಲ್ಲಿ ನಿಂತನೆಂದರೆ ಕಾಗದ ಒಡೆಯುವ ಮೊದಲೇ ಎದೆ ನಡುಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ತಂತಿಯ ಸೇವೆಯು 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಈಗ ಅದೇ ಸುದ್ದಿಯು ಜೇಬಿನೊಳಗೆ ಗುಣುಗುಟ್ಟಿ ಬರುತ್ತದೆ. ಸುದ್ದಿಯ ವೇಗ ಹೆಚ್ಚಿದರೂ ಹಾದಿಯ ದೂರ ಕುಗ್ಗಲಿಲ್ಲ. ನಿಜಾಮುದ್ದೀನಿನಿಂದ ಹೊರಟ ಮಂಗಳಾ ಎಕ್ಸ್‌ಪ್ರೆಸ್ ಕರಾವಳಿಯನ್ನು ಮುಟ್ಟುವುದಕ್ಕೆ ಇಂದಿಗೂ ಒಂದೂವರೆ ದಿನಕ್ಕೆ ಮಿಕ್ಕ ಕಾಲ ಬೇಕು. ಇನ್ನೊಂದು ವಿಧದ ಸಾವು ಇಲ್ಲಿಯೇ, ಈ ಪರಸ್ಥಳದಲ್ಲಿಯೇ, ನಮ್ಮ ಬಾಡಿಗೆಯ ಮನೆಯ ಬಾಗಿಲನ್ನು ತಟ್ಟುವುದು. ಎರಡರಲ್ಲಿ ಯಾವುದು ಹೆಚ್ಚು ಕಠಿಣವೆಂದು ಹೇಳುವುದು ನಮ್ಮಿಂದಾಗದು.

ಊರಿನಲ್ಲಿ ಸಾವಾದರೆ ನಡೆಯುವುದೇನೆಂಬುದನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ನೆರೆಕರೆಯವರು ಕರೆಯದೆಯೇ ಬರುತ್ತಾರೆ. ಒಬ್ಬನು ಮಾವಿನ ಮರ ಕಡಿಯಲು ಹೊರಡುತ್ತಾನೆ. ಇನ್ನೊಬ್ಬನು ಸಂಬಂಧಿಕರಿಗೆ ಸುದ್ದಿ ಮುಟ್ಟಿಸುತ್ತಾನೆ. ಹೆಂಗಸರು ಮನೆಯಾಕೆಯ ಸುತ್ತ ಕುಳಿತು ಅವಳೊಡನೆ ಅಳುತ್ತಾರೆ. ಸೂತಕದ ಮನೆಯಲ್ಲಿ ಒಲೆ ಹಚ್ಚದ ಕಡೆ ಅನ್ನವು ಪಕ್ಕದ ಮನೆಯಿಂದ ಬರುತ್ತದೆ. ಇದಕ್ಕಿಂತಲೂ ಮುಖ್ಯವಾದುದು ಆಮೇಲಿನ ದಿನಗಳದು. ಬಾವಿಕಟ್ಟೆಯಲ್ಲಿಯೋ ಗದ್ದೆಯ ಬದುವಿನಲ್ಲಿಯೋ ಸಂತೆಯಲ್ಲಿಯೋ ಎದುರಾದವರೆಲ್ಲರೂ ಸತ್ತವರ ಒಂದು ಮಾತನ್ನು ಆಡಿಯೇ ಮುಂದೆ ಹೋಗುವರು. ವರ್ಷವೊಂದು ಕಳೆಯುವುದರೊಳಗೆ ದುಃಖಿತನು ತನ್ನ ಕಥೆಯನ್ನು ನೂರು ಬಾರಿ ಹೇಳಿರುತ್ತಾನೆ. ಹೇಳಿ ಹೇಳಿ ಅದರ ಹರಿತವು ಸವೆದಿರುತ್ತದೆ. ಅದಕ್ಕೆ ಯಾರೂ ಸೇವೆಯೆಂದು ಹೆಸರಿಟ್ಟಿರಲಿಲ್ಲ.

ದಿಲ್ಲಿಯಲ್ಲಿ ಮೊದಲ ದಿನದ ನೆರವಿಗೆ ಕೊರತೆಯಿಲ್ಲವೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಸುದ್ದಿ ಹರಡಿದ ಒಂದೆರಡು ಗಂಟೆಗಳಲ್ಲಿ ರಾಮಕೃಷ್ಣಪುರದಿಂದಲೂ ಮಯೂರ ವಿಹಾರದಿಂದಲೂ ದ್ವಾರಕೆಯಿಂದಲೂ ನಮ್ಮವರು ನೆರೆಯುತ್ತಾರೆ. ಶವವಾಹನವನ್ನು ಗೊತ್ತುಮಾಡುವವರು, ಯಮುನೆಯ ದಡದ ನಿಗಮಬೋಧ ಘಾಟಿನಲ್ಲಾಗಲಿ ಲೋಧಿ ರಸ್ತೆಯ ಸ್ಮಶಾನದಲ್ಲಾಗಲಿ ವ್ಯವಸ್ಥೆ ನೋಡುವವರು, ಕನ್ನಡ ಬಲ್ಲ ಪುರೋಹಿತರನ್ನು ಕರೆತರುವವರು, ಅಸ್ಥಿಯನ್ನು ಗಢಮುಕ್ತೇಶ್ವರಕ್ಕೋ ಹರಿದ್ವಾರಕ್ಕೋ ಒಯ್ಯುವಾಗ ಜೊತೆಗೆ ಹೋಗುವವರು, ಎಲ್ಲರೂ ದೊರೆಯುತ್ತಾರೆ. ಹೂಳುವ ಸಂಪ್ರದಾಯದ ಲಿಂಗಾಯತ ಬಂಧುಗಳಿಗೆ ಈ ನಗರದಲ್ಲಿ ಸ್ಥಳದ ಚಿಂತೆಯೊಂದು ಹೆಚ್ಚು. ಅದನ್ನು ಸಹ ನಾಲ್ಕು ಜನ ಓಡಾಡಿ ಹೇಗೋ ನೀಗಿಸುವುದನ್ನು ಕಂಡಿದ್ದೇವೆ. ಹೋಟೆಲಿನವರಂತೂ ಸೂತಕದ ಮನೆಗೆ ಅನ್ನ ಸಾರುಗಳ ಪಾತ್ರೆಗಳನ್ನು ಕಳುಹಿಸುವುದರಲ್ಲಿ ಒಮ್ಮೆಯೂ ಹಿಂದೆ ಬಿದ್ದವರಲ್ಲ.

ಹದಿಮೂರನೆಯ ದಿನ ಊಟವಾಗುತ್ತದೆ. ಪಾತ್ರೆಗಳು ಹಿಂದಿರುಗುತ್ತವೆ. ಊರಿನಿಂದ ಬಂದ ಭಾವಮೈದುನರು ರೈಲು ಹತ್ತುತ್ತಾರೆ. ಆಮೇಲೆ ಆ ಮನೆಗೆ ಯಾರು ಬರುತ್ತಾರೆ?

ನಾವು ಬಲ್ಲ ಗುಮಾಸ್ತರೊಬ್ಬರ ಪತ್ನಿಯು ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳಾದ ಮೇಲೆ ನಮ್ಮೊಡನೆ ಆಡಿದ ಮಾತಿದು: ಮೊದಲ ವಾರ ಮನೆಯಲ್ಲಿ ನಿಲ್ಲಲು ಸ್ಥಳವಿರಲಿಲ್ಲ, ಮೂರನೆಯ ತಿಂಗಳಲ್ಲಿ ಕರೆಗಂಟೆ ಬಾರಿಸಿದವನು ಹಾಲಿನವನೊಬ್ಬನೇ. ಆಕೆಗೆ ಹಿಂದಿ ಅಷ್ಟಕ್ಕಷ್ಟೆ. ಮಗ ಕಾಲೇಜಿಗೆ ಹೋದನೆಂದರೆ ಸಂಜೆಯವರೆಗೆ ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳದು. ಎದುರು ಮನೆಯ ಪಂಜಾಬಿ ಗೃಹಿಣಿ ಒಳ್ಳೆಯವಳೇ. ಆದರೆ ಗಂಡನು ಬದುಕಿದ್ದಾಗ ಬೆಳಿಗ್ಗೆ ಕಾಫಿಯ ಲೋಟವನ್ನು ಹಿಡಿಯುತ್ತಿದ್ದ ಬಗೆಯನ್ನು ಆಕೆಗೆ ಯಾವ ಭಾಷೆಯಲ್ಲಿ ವರ್ಣಿಸುವುದು?

ಈ ‘ಆಮೇಲೆ’ ಎಂಬುದನ್ನು ಕುರಿತು ಯೋಚಿಸಿ ಒಂದು ಕ್ರಮವನ್ನು ಏರ್ಪಡಿಸಿಕೊಂಡವರಲ್ಲಿ ಕ್ರೈಸ್ತ ಬಂಧುಗಳನ್ನು ಮುಖ್ಯವಾಗಿ ಹೇಳಬೇಕು. ದಿಲ್ಲಿಯ ಕನ್ನಡ ನಾಡಿಗರಲ್ಲಿ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರು ಕಡಿಮೆಯೇನಿಲ್ಲ. ಹೋಟೆಲುಗಳ ಅಡಿಗೆಮನೆಗಳಲ್ಲಿಯೂ ಕಚೇರಿಗಳ ಮೇಜುಗಳಲ್ಲಿಯೂ ಅವರು ನಮ್ಮ ಪಕ್ಕದಲ್ಲಿಯೇ ಕುಳಿತವರು. ಅವರ ಧರ್ಮಕೇಂದ್ರವೆಂದರೆ ಬರಿಯ ಇಗರ್ಜಿಯ ಕಟ್ಟಡವಲ್ಲ. ಒಂದು ಗೊತ್ತಾದ ಎಲ್ಲೆಯೊಳಗಿನ ಎಲ್ಲ ಕುಟುಂಬಗಳೂ ಅದರ ಲೆಕ್ಕದಲ್ಲಿರುತ್ತವೆ. ಮಂಗಳೂರು ಧರ್ಮಪ್ರಾಂತ್ಯದಲ್ಲಿ ಒಂದೊಂದು ವಾಡೆಗೂ ಒಬ್ಬ ಗುರಿಕಾರನಿರುವ ಪದ್ಧತಿ ಬಹು ಹಳೆಯದು. ವಾಡೆಯಲ್ಲಿ ಸಾವಾದರೆ ಪಾದ್ರಿಗಳಿಗೆ ತಿಳಿಸುವುದು, ಸಮಾಧಿಯ ಏರ್ಪಾಡು ನೋಡುವುದು, ಮನೆಯವರ ಪ್ರಾರ್ಥನೆಗೆ ನೆರೆಯವರನ್ನು ಕೂಡಿಸುವುದು ಇವೆಲ್ಲ ಅವನ ಹೊಣೆ. ಏಳನೆಯ ದಿನ, ತಿಂಗಳು, ವರ್ಷ ತುಂಬಿದಾಗ ಮೃತರಿಗಾಗಿ ಬಲಿಪೂಜೆಯಾಗುತ್ತದೆ. ಪ್ರತಿ ವರ್ಷ ನವೆಂಬರ್ 2ನೆಯ ತಾರೀಖು ಸಕಲ ಮೃತರ ಸ್ಮರಣೆಯ ದಿನ. ಅಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ದಿಲ್ಲಿಯ ಪೃಥ್ವೀರಾಜ ರಸ್ತೆಯ ಮತ್ತು ಬುರಾಡಿಯ ಸಮಾಧಿಭೂಮಿಗಳಲ್ಲಿ ಆ ದಿನ ಹೋಗಿ ನೋಡಿದವರಿಗೆ, ದುಃಖವನ್ನು ಸಹ ಹತ್ತು ಜನ ಕೂಡಿ ಹೊರಬಹುದೆಂಬುದು ಕಣ್ಣಿಗೆ ಕಾಣುತ್ತದೆ.

ಇದರ ಜೊತೆಗೆ ಇನ್ನೊಂದು ಉಂಟು. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯು ಕೆಲವರು ಗೆಳೆಯರೊಡನೆ ಕೂಡಿ, ಕಷ್ಟದಲ್ಲಿರುವವರ ಮನೆಗೆ ತಾವೇ ಹೋಗುವುದೆಂಬ ಒಂದೇ ನಿಯಮವನ್ನು ಮುಂದಿಟ್ಟುಕೊಂಡು ಒಂದು ಸಂಘವನ್ನು ಆರಂಭಿಸಿದನು. ಸಂತ ವಿನ್ಸೆಂಟ್ ದ ಪಾಲ್ ಸಂಘವೆಂಬ ಹೆಸರಿನಿಂದ ಅದು ಇಂದು ಭಾರತದ ಅನೇಕ ಧರ್ಮಕೇಂದ್ರಗಳಲ್ಲಿ ಇದೆ. ಸದಸ್ಯರು ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುವುದು ಅದರ ವಾಡಿಕೆ. ಜಾತಿ ಮತಗಳನ್ನು ಕೇಳುವುದು ಅದರ ವಾಡಿಕೆಯಲ್ಲ. ದುಃಖಿತರ ಭೇಟಿಗೆಂದೇ ಧರ್ಮಕೇಂದ್ರದೊಳಗೆ ಬೇರೆ ಕೂಟಗಳನ್ನು ಕಟ್ಟಿಕೊಳ್ಳುವ ಪದ್ಧತಿಯು ಹೊರದೇಶಗಳ ಇಗರ್ಜಿಗಳಲ್ಲಿ ಈಗ ಚೆನ್ನಾಗಿ ಬೇರೂರಿದೆ. ಕೂಟದವರು ಮೂರನೆಯ ವಾರ ಒಮ್ಮೆ, ಮೂರನೆಯ ತಿಂಗಳು ಒಮ್ಮೆ, ಸತ್ತವರ ಹುಟ್ಟಿದ ದಿನ, ಮೊದಲ ಕ್ರಿಸ್ಮಸ್ಸಿನಲ್ಲಿ, ವರ್ಷ ತುಂಬಿದಾಗ, ಹೀಗೆ ದಿನಗಳನ್ನು ಬರೆದಿಟ್ಟುಕೊಂಡು ಬರುತ್ತಾರೆ. ಬಂದವರು ಉಪದೇಶ ಮಾಡುವುದಿಲ್ಲ. ‘ಎಲ್ಲ ದೇವರ ಇಚ್ಛೆ’ ಎಂದು ಹೇಳಿ ಎದ್ದುಬಿಡುವುದೂ ಇಲ್ಲ. ಸತ್ತವರ ಹೆಸರನ್ನು ಬಾಯಿ ತುಂಬ ಹೇಳಿ, ಅವರ ವಿಷಯ ಕೇಳಿ, ಹೇಳುವುದನ್ನು ಕೇಳಿಸಿಕೊಂಡು ಕೂಡುತ್ತಾರೆ. ನೋಡುವುದಕ್ಕೆ ಏನೂ ಅಲ್ಲವೆಂಬಂತಿರುವ ಈ ಕೆಲಸವನ್ನು ಮಾಡಲು ಅಭ್ಯಾಸ ಬೇಕು. ಸುಮ್ಮನೆ ಕೂಡುವುದು ನಮ್ಮಲ್ಲಿ ಅನೇಕರಿಗೆ ಬಾರದ ವಿದ್ಯೆ.

ದುಃಖಿತರು ಮಾತನಾಡಬೇಕು, ಕೇಳುವವರು ಬೇಕು ಎಂಬುದಕ್ಕೆ ವೈದ್ಯರ ಆಧಾರವೂ ಉಂಟು. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿನೋದಗೃಹಕ್ಕೆ ಬೆಂಕಿ ಬಿದ್ದು 492 ಜನ ಮಡಿದರು. ಅದರಲ್ಲಿ ಬಂಧುಗಳನ್ನು ಕಳೆದುಕೊಂಡವರನ್ನೂ ಇತರ ದುಃಖಿತರನ್ನೂ ಪರೀಕ್ಷಿಸಿದ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಶೋಕದ ಲಕ್ಷಣಗಳನ್ನು ಗುರುತಿಸಿದರು: ಗಂಟಲು ಕಟ್ಟಿದಂತಾಗುವುದು, ಮೇಲಿಂದ ಮೇಲೆ ನಿಟ್ಟುಸಿರು, ಕೈಕಾಲುಗಳಲ್ಲಿ ಬಲವಿಲ್ಲದಿರುವುದು, ಅನ್ನ ರುಚಿಸದಿರುವುದು, ತಾನು ಹೀಗೆ ಮಾಡಿದ್ದರೆ ಅವರು ಉಳಿಯುತ್ತಿದ್ದರೇನೋ ಎಂಬ ಕೊರಗು, ಆಪ್ತರ ಮೇಲೆಯೇ ಕಾರಣವಿಲ್ಲದ ಸಿಟ್ಟು. ಕರೋಲ್‌ಬಾಗಿನ ಆ ತರುಣನನ್ನು ಬಾಸ್ಟನ್ನಿನ ವೈದ್ಯರು ಕಂಡವರಲ್ಲ. ಆದರೂ ಅವನ ‘ಸೊಕ್ಕಿ’ಗೆ ಸರಿಯಾದ ಹೆಸರನ್ನು ಅವರು ಮೊದಲೇ ಬರೆದಿಟ್ಟಿದ್ದರು.

1959ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಟೋರಿ ಎಂಬ ಮಹಿಳೆಯು ವಿಧವೆಯರ ನೆರವಿಗಾಗಿ ‘ಕ್ರೂಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕ್ರೂಸ್ ಎಂದರೆ ಕುಡಿಕೆ. ಬೈಬಲಿನಲ್ಲಿ ಬರುವ ಬಡ ವಿಧವೆಯ ಎಣ್ಣೆಯ ಕುಡಿಕೆಯು ಬರಗಾಲದಲ್ಲಿಯೂ ಬರಿದಾಗಲಿಲ್ಲವೆಂಬ ಕಥೆಯಿಂದ ಆ ಹೆಸರು. ಮೊದಲು ವಿಧವೆಯರಿಗೆ ಮಾತ್ರವಿದ್ದ ಆ ಸಂಸ್ಥೆಯು ಕಾಲಕ್ರಮದಲ್ಲಿ ಎಲ್ಲ ಬಗೆಯ ದುಃಖಿತರಿಗೂ ತೆರೆಯಿತು. ಅದರ ಮುಂದಿನ ದಶಕದಲ್ಲಿ, ಎಂದರೆ 1960ರ ದಶಕದಲ್ಲಿ, ಬಾಸ್ಟನ್ನಿನಲ್ಲಿ ಫಿಲಿಸ್ ಸಿಲ್ವರ್‌ಮನ್ ಎಂಬವರು ವಿಧವೆಗೆ ವಿಧವೆಯೇ ನೆರವಾಗುವ ಏರ್ಪಾಡನ್ನು ನಡೆಸಿದರು: ಹಿಂದೆ ಗಂಡನನ್ನು ಕಳೆದುಕೊಂಡು ಚೇತರಿಸಿಕೊಂಡವಳು ಹೊಸದಾಗಿ ಕಳೆದುಕೊಂಡವಳ ಬಾಗಿಲಿಗೆ ತಾನಾಗಿ ಹೋಗುವುದು. ಇದರಲ್ಲಿ ನಮ್ಮ ಊರಿನ ಬಾವಿಕಟ್ಟೆಯನ್ನು ಕಂಡಂತೆ ನಮಗನ್ನಿಸಿತು.

ಮರಳಿ ಬರುವ ಈ ಕ್ರಮವು ಕ್ರೈಸ್ತರ ಸೊತ್ತು ಮಾತ್ರವಲ್ಲ. ನಮ್ಮಲ್ಲಿ ತಿಂಗಳು ತಿಂಗಳು ಮಾಸಿಕವೂ ಕೊನೆಗೆ ವರ್ಷಾಂತಿಕವೂ ಇಲ್ಲವೆ? ಮುಸಲ್ಮಾನ ಬಂಧುಗಳಲ್ಲಿ ನಲವತ್ತನೆಯ ದಿನವನ್ನು ನೆನೆಯುವ ವಾಡಿಕೆಯಿಲ್ಲವೆ? ಶೋಕಕ್ಕೆ ಒಂದು ವರ್ಷವಾದರೂ ಬೇಕೆಂದು ನಮ್ಮ ಪೂರ್ವಿಕರು ತಿಳಿದೇ ಈ ದಿನಗಳನ್ನು ಗೊತ್ತುಮಾಡಿದ್ದರು. ಆದರೆ ದಿಲ್ಲಿಯ ಬಾಡಿಗೆಯ ಮನೆಯಲ್ಲಿ ಮಾಸಿಕವೆಂದರೆ ಪುರೋಹಿತರು ಬಂದು, ಮಂತ್ರ ಹೇಳಿ, ದಕ್ಷಿಣೆ ಪಡೆದು, ಮುಂದಿನ ಮನೆಗೆ ಹೊರಡುವುದಷ್ಟೇ ಆಗಿದೆ. ಅವರನ್ನು ದೂರುವುದಕ್ಕಲ್ಲ ಈ ಮಾತು. ಅವರಿಗೆ ಅಂದು ಹತ್ತು ಮನೆ. ಆದರೆ ಸತ್ತವರಿಗೆ ಪಿಂಡವುಂಟು, ಉಳಿದವಳನ್ನು ಕೇಳುವವರಿಲ್ಲ.

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಇಲ್ಲಿ ನೆನೆಯದಿರುವಂತಿಲ್ಲ. ಕೋವಿಡ್ಡಿನ ಆ ಎರಡನೆಯ ಅಲೆಯಲ್ಲಿ ದಿಲ್ಲಿಯ ಸ್ಮಶಾನಗಳು ಸಾಲದೆ, ಪಕ್ಕದ ಬಯಲುಗಳಲ್ಲಿ ಚಿತೆಗಳನ್ನು ಒಡ್ಡಿದರು. ತಂದೆಯ ಮುಖವನ್ನು ನೋಡಲಾರದವರು, ಹದಿಮೂರನೆಯ ದಿನದ ಊಟವನ್ನೂ ಮಾಡಲಾರದವರು ನಮ್ಮವರಲ್ಲಿ ಎಷ್ಟೋ ಮಂದಿ. ಅವರ ಪಾಲಿಗೆ ಮೊದಲ ದಿನದ ನೆರವೂ ಇರಲಿಲ್ಲ. ವರ್ಷಗಳು ಸಂದರೂ ಅವರು ಆ ಮಾತನ್ನು ತಾವಾಗಿ ಎತ್ತುವುದಿಲ್ಲ. ಎತ್ತಿದರೆ ಅರ್ಧರಾತ್ರಿಯವರೆಗೆ ನಿಲ್ಲಿಸುವುದೂ ಇಲ್ಲ.

ಧರ್ಮಕೇಂದ್ರದ ನೆರವನ್ನು ಕೇಳಲು ನಮ್ಮ ಜನ ಹಿಂಜರಿಯುವುದನ್ನು ನಾವು ಬಲ್ಲೆವು. ಕ್ರೈಸ್ತರೇ ಆದವರು ಸಹ, ‘ಭಾನುವಾರ ಕೆಲಸವಿರುವುದರಿಂದ ಪೂಜೆಗೆ ಹೋಗುವುದಿಲ್ಲ, ಈಗ ಯಾವ ಮುಖವಿಟ್ಟುಕೊಂಡು ಪಾದ್ರಿಗಳ ಬಳಿಗೆ ಹೋಗಲಿ?’ ಎನ್ನುವರು. ಹೋಟೆಲಿನಲ್ಲಿ ಭಾನುವಾರವೇ ಹೆಚ್ಚಿನ ವ್ಯಾಪಾರವೆಂಬುದನ್ನು ಪಾದ್ರಿಗಳು ಅರಿಯದವರಲ್ಲ. ನೆರವೆಂದರೆ ಹಣದ ಭಿಕ್ಷೆಯೆಂದು ತಿಳಿದು ನಾಚುವವರು ಕೆಲವರು. ಗಂಡಸಾದವನು ಅಳಬಾರದೆಂಬ ಭ್ರಮೆಯುಳ್ಳವರು ಬಹಳ ಜನ. ಇವರೆಲ್ಲರಿಗೆ ನಾವು ಹೇಳುವುದಿಷ್ಟೆ: ನೀವು ಇರುವ ಬಡಾವಣೆಯು ಯಾವ ಧರ್ಮಕೇಂದ್ರಕ್ಕೆ ಸೇರಿದ್ದೆಂದು ಇಂದೇ ತಿಳಿದುಕೊಳ್ಳಿರಿ. ಗೋಲ್ ಡಾಕ್‌ಖಾನೆಯ ಬಳಿಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲನ್ನು ಬಲ್ಲದವರಿಲ್ಲ. ಅಲ್ಲಿ ವಿಚಾರಿಸಿದರೆ ನಿಮ್ಮ ಧರ್ಮಕೇಂದ್ರದ ದಾರಿಯನ್ನು ತೋರಿಸುವರು. ಅದರ ಕಚೇರಿಯಲ್ಲಿ ನಿಮ್ಮ ಹೆಸರನ್ನು ಬರೆಯಿಸಿರಿ. ಸಾವು ಬಂದ ದಿನ ಹೆಸರು ಬರೆಯಿಸಲು ಹೋಗುವುದು ಕಷ್ಟ.

ಕ್ರೈಸ್ತರಲ್ಲದವರಿಗೂ ದಾರಿಗಳುಂಟು. 1996ರಲ್ಲಿ ಆರಂಭವಾದ ‘ಕ್ಯಾನ್‌ಸಪೋರ್ಟ್’ ಎಂಬ ಸಂಸ್ಥೆಯು ದಿಲ್ಲಿ ಮತ್ತು ಸುತ್ತಣ ಪಟ್ಟಣಗಳಲ್ಲಿ ಅರ್ಬುದ ರೋಗಿಗಳ ಮನೆಗೇ ವೈದ್ಯರನ್ನೂ ದಾದಿಯರನ್ನೂ ಆಪ್ತ ಸಲಹೆಗಾರರನ್ನೂ ಕಳುಹಿಸುತ್ತದೆ. ರೋಗಿಯು ತೀರಿಕೊಂಡ ಮೇಲೆಯೂ ಮನೆಯವರನ್ನು ಕೈಬಿಡುವುದಿಲ್ಲ. ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಪ್ರಾರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೂ ಅಲ್ಲಿ ಮಾತನಾಡಬಹುದು. ರಾತ್ರಿ ಹನ್ನೆರಡಕ್ಕೆ ಪಾತ್ರೆ ತೊಳೆದು ಮಲಗುವವನಿಗೆ ಇದು ಸಣ್ಣ ಅನುಕೂಲವಲ್ಲ.

ಧರ್ಮಕೇಂದ್ರದವರ ಕೈಗೆ ಎಟುಕದ ಒಂದು ಸಂಗತಿಯಿದೆ. ದಿಲ್ಲಿಯ ಇಗರ್ಜಿಗಳಲ್ಲಿ ನಡೆಯುವುದು ಹೆಚ್ಚಾಗಿ ಹಿಂದಿ, ಇಂಗ್ಲಿಷುಗಳ ವ್ಯವಹಾರ. ಮನೆಗೆ ಬಂದ ಸ್ವಯಂಸೇವಕರು ಎಷ್ಟೇ ಕರುಣಾಳುಗಳಾದರೂ, ಕೊಂಕಣಿಯನ್ನೋ ತುಳುವನ್ನೋ ಕನ್ನಡವನ್ನೋ ಬಿಟ್ಟು ಬೇರೆ ಅರಿಯದ ವೃದ್ಧೆಯ ಮುಂದೆ ಮೂಕರಾಗುವರು. ಲೆಕ್ಕಪತ್ರವನ್ನು ಹಿಂದಿಯಲ್ಲಿ ಮಾಡಬಹುದು; ಅಳುವುದು ತಾಯಿನುಡಿಯಲ್ಲಿಯೇ. ಈ ಸ್ಥಾನವನ್ನು ತುಂಬಬೇಕಾದವರು ನಾವು.

ನಮ್ಮ ವಾಚಕರಲ್ಲಿ ಗುಮಾಸ್ತರಾದವರು ಮಾಡಬಹುದಾದ ಇನ್ನೊಂದು ಉಪಕಾರವು ಕಾಗದಗಳಿಗೆ ಸಂಬಂಧಿಸಿದ್ದು. ದುಃಖವು ಒಂಟಿಯಾಗಿ ಬರುವುದಿಲ್ಲ, ಅರ್ಜಿಗಳ ಕಟ್ಟನ್ನು ಸಂಗಡ ತರುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರೇ ವರದಿ ಮಾಡುವರು, ಮನೆಯಲ್ಲಾದರೆ ಮನೆಯವರು ಮಾಡಬೇಕು. ಸ್ಮಶಾನದಲ್ಲಿ ಕೊಟ್ಟ ಚೀಟಿಯನ್ನು ಅಂದಿನ ಗಲಿಬಿಲಿಯಲ್ಲಿ ಕಳೆದುಕೊಂಡು ಆಮೇಲೆ ಅಲೆದವರು ಬಹಳ. ಇ.ಎಸ್.ಐ.ಗೆ ಸೇರಿದ ಕೆಲಸಗಾರನು ತೀರಿಕೊಂಡರೆ ಅಂತ್ಯಕ್ರಿಯೆಯ ವೆಚ್ಚಕ್ಕೆಂದು 15,000 ರೂಪಾಯಿಗಳವರೆಗೆ ದೊರೆಯುತ್ತದೆ. ಕುಟುಂಬದವರು ಹತ್ತಿರವಿಲ್ಲದಾಗ ಕ್ರಿಯೆಯನ್ನು ನಡೆಸಿದವನೇ ಅದನ್ನು ಕೇಳಬಹುದು. ಒಂಟಿಯಾಗಿ ಕೊಠಡಿಯಲ್ಲಿರುವ ನಮ್ಮ ಹೋಟೆಲ್ ಹುಡುಗರ ಮಟ್ಟಿಗೆ ಇದು ನೆನಪಿಡಬೇಕಾದ ಮಾತು. ಪ್ರಾವಿಡೆಂಟ್ ಫಂಡಿನ ಸದಸ್ಯನು ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ, ಕೂಡಿಟ್ಟ ಹಣವಲ್ಲದೆ, ಅದಕ್ಕೆ ಹೊಂದಿಕೊಂಡ ವಿಮೆಯಿಂದ 7 ಲಕ್ಷ ರೂಪಾಯಿಗಳವರೆಗೆ ವಾರಸುದಾರರಿಗೆ ಬರಬಹುದು. ಇದಕ್ಕಾಗಿ ಅವನ ಸಂಬಳದಿಂದ ಬೇರೆ ಕಾಸು ಕಡಿದಿರುವುದಿಲ್ಲವಾದುದರಿಂದ ಅನೇಕರಿಗೆ ಇದರ ಅರಿವೇ ಇಲ್ಲ. ಗ್ರಾಚುಯಿಟಿಗೆ ಐದು ವರ್ಷದ ಸೇವೆ ಬೇಕೆಂಬ ನಿಯಮವು ಮರಣದ ಸಂದರ್ಭಕ್ಕೆ ಅನ್ವಯಿಸುವುದಿಲ್ಲ. ಮದುವೆಯಾಗದ ಹುಡುಗರು ನಾಮನಿರ್ದೇಶನದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಅದನ್ನು ಈ ವಾರವೇ ತುಂಬಿಸಿರಿ, ಅಮಂಗಳವೆಂದು ಮುಂದೂಡಬೇಡಿರಿ.

ಇಷ್ಟೆಲ್ಲವನ್ನು ಮೊದಲ ವಾರದಲ್ಲಿಯೇ ವಿಧವೆಯ ಮುಂದೆ ಹರಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆಕೆಗೆ ಅಂದು ಅದು ಕಿವಿಗೆ ಹೋಗದು. ಮೂರನೆಯ ವಾರ ಬರುವವನು ಬೇಕೆನ್ನುವುದು ಈ ಕಾರಣಕ್ಕಾಗಿಯೂ.

ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕಕ್ಕೂ ಸಂಗೀತಕ್ಕೂ ನಾವು ಸೇರುತ್ತೇವೆ. ಹಾಗೆ ಸೇರಿದಾಗ ಕರೋಲ್‌ಬಾಗ್, ರಾಮಕೃಷ್ಣಪುರ, ಮಯೂರ ವಿಹಾರ, ದ್ವಾರಕೆ, ನೋಯಿಡಾ, ಗುರುಗ್ರಾಮ, ಫರೀದಾಬಾದುಗಳಿಂದ ಇಬ್ಬಿಬ್ಬರಂತೆ, ಅದರಲ್ಲಿ ಒಬ್ಬರಾದರೂ ಹೆಂಗಸರು, ಮುಂದೆ ಬಂದು ತಮ್ಮ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಅದರ ಪ್ರತಿಯನ್ನು ತಮ್ಮ ತಮ್ಮ ಬಡಾವಣೆಯ ಧರ್ಮಕೇಂದ್ರದ ಪಾದ್ರಿಗಳಿಗೂ ಕೊಟ್ಟು, ಕನ್ನಡ, ತುಳು, ಕೊಂಕಣಿ ಮಾತನಾಡುವವರ ಮನೆಯಲ್ಲಿ ಸಾವಾದರೆ ನಮಗೂ ತಿಳಿಸಿರೆಂದು ಕೇಳಿಕೊಂಡರೆ ಸಾಕು. ಇದಕ್ಕೆ ಅಧ್ಯಕ್ಷರೂ ಬೇಡ, ಉದ್ಘಾಟನೆಯೂ ಬೇಡ. ಅಂತಹ ಒಂದು ಹಾಳೆಯು ಮುಂದಿನ ನವೆಂಬರ್ 2ರೊಳಗೆ ಸಿದ್ಧವಾಗಲೆಂದು ನಾವು ಆಶಿಸುತ್ತೇವೆ. ಅಂದು ಬುರಾಡಿಗೆ ಹೋಗುವ ಬಂಧುಗಳ ಸಂಗಡ ನಾವು ಕೆಲವರು ಹೋಗಲೂ ನಿಶ್ಚಯಿಸಿದ್ದೇವೆ.

ಕರೋಲ್‌ಬಾಗಿನ ಹಿರಿಯ ಅಡಿಗೆಯವರು ನಮಗೆ ಹೇಳಿದುದರಲ್ಲಿ ಒಂದು ಭಾಗ ಉಳಿದಿದೆ. ಹುಡುಗನು ಮರಳಿ ಬಂದು ತಿಂಗಳಾದ ಮೇಲೆ, ಒಂದು ರಾತ್ರಿ ಮರುದಿನದ ಹಿಟ್ಟನ್ನು ರುಬ್ಬಿಡುವ ಹೊತ್ತಿನಲ್ಲಿ, ಅವರು ಅವನನ್ನು ಕೇಳಿದರಂತೆ: ‘ನಿನ್ನ ಅಮ್ಮ ಏನು ಅಡಿಗೆ ಚೆನ್ನಾಗಿ ಮಾಡುತ್ತಿದ್ದರು, ಮಾರಾಯ?’ ಹುಡುಗನು ಮೊದಲು ಉತ್ತರ ಕೊಡಲಿಲ್ಲ. ಆಮೇಲೆ, ಪತ್ರೊಡೆ ಎಂದನು. ಅಲ್ಲಿಂದ ಆರಂಭವಾದ ಮಾತು ರಾತ್ರಿ ಒಂದೂವರೆಗೆ ನಿಂತಿತು; ತಾನು ಹೋದ ವರ್ಷ ಊರಿಗೆ ಹೋಗಬೇಕೆಂದಿದ್ದು ರಜೆ ದೊರೆಯದೆ ಉಳಿದುದನ್ನು ಅವನು ಆ ರಾತ್ರಿ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದನು. ತಾಯಿಯ ತಿಥಿಯನ್ನು ಕೇಳಿಕೊಂಡು ಅಡಿಗೆಯವರು ಉಗ್ರಾಣದ ಬಾಗಿಲಿಗೆ ತೂಗುಹಾಕಿದ ಪಂಚಾಂಗದಲ್ಲಿ ಗುರುತು ಹಾಕಿದ್ದಾರೆ. ಆ ದಿನ ದಿಲ್ಲಿಯಲ್ಲಿ ಕೆಸುವಿನ ಎಲೆ ಎಲ್ಲಿ ಸಿಕ್ಕೀತೆಂದು ಈಗ ಹುಡುಕುತ್ತಿದ್ದಾರೆ.